ಮನೆಯ ಕಥೆ ಬರೆಯಲು ಕೂತರೆ ಬರೀ ದೂರು ಆಗುತ್ತದೆ, ಭೈರಪ್ಪನವರು ಹೇಗೆ ಬರೆದರು?

ಹಾಸನದ ಓದುಗಿ:
ಎಲ್ಲರಿಗೂ ನಮಸ್ಕಾರ. ಎಸ್. ಎಲ್. ಭೈರಪ್ಪನವರ ಆತ್ಮಕಥೆ ‘ಭಿತ್ತಿ’ ಮೊನ್ನೆ ಓದಿ ಮುಗಿಸಿದೆ. ಮೂರು ದಿನ ಯಾವ ಕೆಲಸದಲ್ಲೂ ಮನಸ್ಸು ನಿಲ್ಲಲಿಲ್ಲ. ಹಿಂದೆ ಅವರ ಕಾದಂಬರಿ ‘ಗೃಹಭಂಗ’ ಓದಿದ್ದೆ, ಈಗ ಎರಡನ್ನೂ ಒಟ್ಟಿಗೆ ನೆನೆಸಿಕೊಂಡರೆ ಕಾದಂಬರಿಯ ನಾಯಕಿ ನಂಜಮ್ಮನ ಹಿಂದೆ ಭೈರಪ್ಪನವರ ತಾಯಿ ಗೌರಮ್ಮ ನಿಂತಿರುವುದು ಕಾಣುತ್ತದೆ. ನನಗೂ ನಮ್ಮಮ್ಮನ ಬಗ್ಗೆ ಬರೆಯುವ ಆಸೆ. ಅಪ್ಪ ಮನೆ ಕಡೆ ನೋಡಲಿಲ್ಲ, ಅಮ್ಮ ಹೊಲಿಗೆ ಮಷೀನ್ ತುಳಿದು ನಮ್ಮಿಬ್ಬರನ್ನೂ ಓದಿಸಿದರು. ಅಪ್ಪ ಈಗಲೂ ಇದ್ದಾರೆ, ವಯಸ್ಸಾಗಿದೆ. ಎರಡು ಪುಟ ಬರೆಯುವಷ್ಟರಲ್ಲಿ ಬರೀ ದೂರು ಹೇಳಿದ ಹಾಗೆ ಕಾಣುತ್ತದೆ, ಹರಿದು ಹಾಕುತ್ತೇನೆ. ಅಷ್ಟು ಕಷ್ಟ ಕಂಡವರು ಸಿಟ್ಟಿಲ್ಲದೆ ಹೇಗೆ ಬರೆದರು?

ಚನ್ನರಾಯಪಟ್ಟಣದ ಕಡೆಯವನು:
ತಂಗೀ, ಅವರ ಸಂತೇಶಿವರ ನಮ್ಮ ತಾಲ್ಲೂಕೇ. ಮೊದಲು ಇಸವಿ ನೋಡಿ. ಪ್ಲೇಗು ಬಂದು ತಾಯಿಯನ್ನೂ ಒಡಹುಟ್ಟಿದವರನ್ನೂ ಕರೆದುಕೊಂಡು ಹೋದಾಗ ಅವರಿನ್ನೂ ಹುಡುಗ. ‘ಗೃಹಭಂಗ’ ಬಂದದ್ದು 1970ರಲ್ಲಿ. ‘ನಾನು’ ಅಂತಲೇ ಬರೆದ ‘ಭಿತ್ತಿ’ 1996ರಲ್ಲಿ. ಹುಟ್ಟಿದ್ದು 1931, ಲೆಕ್ಕ ಹಾಕಿ. ಮೊದಲು ಬೇರೆ ಹೆಸರಿಟ್ಟು, ಸ್ವಲ್ಪ ದೂರ ಕೂರಿಸಿಕೊಂಡು ನೋಡಿದರು.

ಇನ್ನೊಂದು ಮಾತು. ನಂಜಮ್ಮ ಅಂದರೆ ನನಗೆ ಮೊದಲು ನೆನಪಾಗುವುದು ಅವಳ ಸಾವಲ್ಲ. ಗಂಡ ಮಾಡಬೇಕಿದ್ದ ಶ್ಯಾನುಭೋಗಿಕೆ ಲೆಕ್ಕವನ್ನು ಕೂತು ಬರೆಯುವುದು, ಮುತ್ತುಗದ ಎಲೆ ಹಚ್ಚುವುದು. ನಮ್ಮಜ್ಜಿಯೂ ಎಲೆ ಹಚ್ಚುತ್ತಿದ್ದರು. ಒಣಗಿದ ಎಲೆಗೆ ನೀರು ಚಿಮುಕಿಸಿ ಗೋಣಿಚೀಲ ಮುಚ್ಚಿಡುವುದು, ಮೆತ್ತಗಾದ ಮೇಲೆ ಒಂದರ ಅಂಚಿಗೆ ಇನ್ನೊಂದನ್ನು ಇಟ್ಟು ಕಡ್ಡಿ ಚುಚ್ಚುವುದು, ಮುರಿಯುವುದು, ಮತ್ತೆ ಚುಚ್ಚುವುದು. ನಮ್ಮ ಜೊತೆ ಮಾತಾಡುತ್ತಲೇ ಹಚ್ಚುತ್ತಿದ್ದರು, ಎಲೆ ಕಡೆ ನೋಡುತ್ತಲೇ ಇರಲಿಲ್ಲ. ಹೆಬ್ಬೆರಳ ತುದಿ ಕಪ್ಪಗೆ ಗಟ್ಟಿಯಾಗಿತ್ತು. ಕಾದಂಬರಿಯಲ್ಲಿ ಆ ಕೆಲಸ ಓದುವಾಗ ಅವಳಿಗೆ ಎಷ್ಟು ಕಷ್ಟ ಅಂತ ನನಗೆ ಯಾರೂ ಹೇಳಬೇಕಾಗಲಿಲ್ಲ. ಅಪ್ಪನನ್ನು ಸದ್ಯಕ್ಕೆ ಬಿಡಿ. ಅಮ್ಮನ ಮಷೀನ್ ಪಕ್ಕ ಹೋಗಿ ಕೂತುಕೊಳ್ಳಿ.

ಮೂಡಿಗೆರೆ ಮಳೆ:
ಸಿಟ್ಟಿಲ್ಲದೆ ಬರೆದರು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಅತ್ತೆ ಗಂಗಮ್ಮನ ಬೈಗುಳ ಒಂದು ಸಲ ಜೋರಾಗಿ ಓದಿ ನೋಡಿ, ಎಷ್ಟು ಸಿಟ್ಟು ಇದೆ ಅಲ್ವಾ? ಆದರೆ ಆ ಬಾಯನ್ನು ನಮಗೆ ಕೇಳಿಸಿ ಅವರು ಪಕ್ಕಕ್ಕೆ ಸರಿಯುತ್ತಾರೆ.

ಮತ್ತೆ, ಅವರು ಗೊತ್ತಿದೆ ಅಂತ ಸುಮ್ನೆ ಬರೆಯುತ್ತಿದ್ದವರಲ್ಲ. ಮಹಾಭಾರತದ ಕಥೆಯ ಕಾದಂಬರಿ ‘ಪರ್ವ’ಕ್ಕಾಗಿ ಹಿಮಾಲಯದಲ್ಲಿ ಅಣ್ಣತಮ್ಮಂದಿರು ಒಬ್ಬಳನ್ನೇ ಮದುವೆಯಾಗುವ ಕಡೆಗೆ ಹೋಗಿ ಜನರನ್ನು ನೋಡಿ ಬಂದರು. ದ್ರೌಪದಿಯ ಬಗ್ಗೆ ಬರೆಯಲು ಅಷ್ಟು ದೂರ. ನಾವು ನಮ್ಮ ಅಡುಗೆಮನೆ ತನಕ ಹೋಗಿ ಕೇಳುವುದಿಲ್ಲ. ಒಂದು ರವಿಕೆಗೆ ಆಗ ಎಷ್ಟು ಕೊಡುತ್ತಿದ್ದರು, ಯಾರು ಬಾಕಿ ಉಳಿಸಿಕೊಂಡರು, ಹಬ್ಬದ ಹಿಂದಿನ ರಾತ್ರಿ ಎಷ್ಟು ಹೊತ್ತಿನ ತನಕ ಹೊಲಿದರು, ಎಲ್ಲ ಕೇಳಿ. ಅಪ್ಪನನ್ನೂ ಕೇಳಿ, ಅವರು ತೀರಿಕೊಂಡರೆ ಇದನ್ನು ಹೇಳುವವರು ಇರುವುದಿಲ್ಲ.

ನಮ್ಮ ಊರಿನ ತೇಜಸ್ವಿಯವರ ‘ಅಣ್ಣನ ನೆನಪು’ ಸಹ ಓದಿ. ಅಪ್ಪ ಕುವೆಂಪು ಬಗ್ಗೆ ಬರೆದದ್ದು, ಹೊಗಳಿಕೆಯ ಭಾರವೇ ಇಲ್ಲ.

ಹಾಸನದ ಓದುಗಿ:
ಅಣ್ಣಾ, ಇಬ್ಬರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಊಟ ಆದ ಮೇಲೆ ಅಮ್ಮನನ್ನು ಕೇಳಿದೆ. ಮೊದಲು ‘ಅದೆಲ್ಲ ಈಗ ಯಾಕೆ’ ಅಂದರು, ಆಮೇಲೆ ಹನ್ನೊಂದೂವರೆ ತನಕ ಹೇಳಿದರು. ನಾವು ಮಲಗಿದ ಮೇಲೆ ಸದ್ದಾಗದಿರಲಿ ಅಂತ ಮಷೀನಿನ ಕೆಳಗೆ ಹಳೇ ಕಂಬಳಿ ಮಡಿಸಿ ಹಾಕುತ್ತಿದ್ದರಂತೆ. ಭಾನುವಾರ ಮಷೀನ್ ಬಿಚ್ಚಿ, ದಾರದ ಚೂರು ತೆಗೆದು, ಎಣ್ಣೆ ಬಿಡುತ್ತಿದ್ದದ್ದು ಅಪ್ಪನಂತೆ. ಇದು ನನಗೆ ಗೊತ್ತೇ ಇರಲಿಲ್ಲ. ಅಪ್ಪ ಪಕ್ಕದ ಕೋಣೆಯಲ್ಲಿ ಎಚ್ಚರವಾಗೇ ಇದ್ದರು, ಕೆಮ್ಮಿದರು. ಇದನ್ನು ಕಥೆಯಲ್ಲಿ ಎಲ್ಲಿಡಲಿ ಅಂತ ಇನ್ನೂ ತಿಳಿಯುತ್ತಿಲ್ಲ, ಬರೆದಂತೂ ಇಟ್ಟಿದ್ದೇನೆ. ಈ ಸಲ ಹರಿದು ಹಾಕಿಲ್ಲ.