ಪದಚರ್ಚೆ: ಗೆಟಿಸ್‌ಬರ್ಗ್ ಭಾಷಣದ ‘ಡೆಡಿಕೇಟ್’ಗೆ ಕನ್ನಡದಲ್ಲಿ ಏನು? (ತುರ್ತು)

ಹ್ಯಾರಿಸ್‌ಬರ್ಗ್‌ನಿಂದ:

ಎಲ್ಲರಿಗೂ ನಮಸ್ಕಾರ. ಊರಿಂದ ಬಂದಿರುವ ಹಿರಿಯರನ್ನು ನವೆಂಬರ್ 19ಕ್ಕೆ ಗೆಟಿಸ್‌ಬರ್ಗ್‌ಗೆ ಕರೆದುಕೊಂಡು ಹೋಗುತ್ತಿದ್ದೇವೆ. 1863ರಲ್ಲಿ, ಅಮೆರಿಕದ ಅಂತರ್ಯುದ್ಧದ ನಡುವೆ, ಅದೇ ದಿನ ಅಲ್ಲಿನ ಸೈನಿಕರ ಸಮಾಧಿಭೂಮಿಯಲ್ಲಿ ಅಧ್ಯಕ್ಷ ಲಿಂಕನ್ ಮಾತಾಡಿದ್ದು. ಈಗಲೂ ಪ್ರತಿವರ್ಷ ಆ ದಿನ ಅಲ್ಲಿ ಕಾರ್ಯಕ್ರಮ ನಡೆಯುತ್ತದೆ. ಹಿರಿಯರ ಕೈಗೆ ಕೊಡಲು ಭಾಷಣದ ಅನುವಾದವನ್ನು ಒಂದು ಹಾಳೆಯಲ್ಲಿ ಅಚ್ಚು ಹಾಕಿಸಬೇಕು. ನಾಳೆ ಬೆಳಿಗ್ಗೆ ಕೊಡದಿದ್ದರೆ ಆಗುವುದಿಲ್ಲ.

ಇರುವುದೇ ಸುಮಾರು 270 ಪದ. ಡೆಡಿಕೇಟ್, ಕಾನ್ಸಿಕ್ರೇಟ್, ಹ್ಯಾಲೋ ಎಂಬ ಮೂರು ಕ್ರಿಯಾಪದ ಒಂದರ ಬೆನ್ನಿಗೆ ಒಂದು ಬರುವ ಕಡೆ ಕೆಲಸ ನಿಂತಿದೆ. ‘ಅರ್ಪಿಸಲಾರೆವು, ಪವಿತ್ರಗೊಳಿಸಲಾರೆವು, ಪಾವನಗೊಳಿಸಲಾರೆವು’ ಎಂದು ಹಾಕಿದ್ದೇನೆ. ಗಟ್ಟಿಯಾಗಿ ಓದಿದರೆ ಸಪ್ಪೆ. ದಯವಿಟ್ಟು ಇವತ್ತೇ ಸಲಹೆ ಕೊಡಿ.

ಬೆಂಗಳೂರಿನಿಂದ:

‘ಲೋಕಾರ್ಪಣೆ’ ಇದೆಯಲ್ಲ. ಸೇತುವೆ, ಪುಸ್ತಕ, ಪ್ರತಿಮೆ ಎಲ್ಲಕ್ಕೂ ನಡೆಯುತ್ತದೆ.

ಧಾರವಾಡದಿಂದ:

ಎಲ್ಲಕ್ಕೂ ನಡೆಯುತ್ತದೆ ಎಂಬುದೇ ಅದರ ದೋಷ. ಬೇಡ.

ಪವಿತ್ರ, ಪಾವನ ಎರಡೂ ‘ಪೂ’ ಧಾತುವಿನವು. ಹೇಳಿದ್ದನ್ನೇ ಮತ್ತೆ ಹೇಳಿದಂತಾಯಿತು. ಲಿಂಕನ್ನರ ಮೊದಲ ಎರಡು ಪದ ಲ್ಯಾಟಿನ್ನಿನವು, ಮೂರನೆಯದು ಇಂಗ್ಲಿಷಿನ ಹಳೆಯ ಮನೆಮಾತು. ಕನ್ನಡವೂ ಹಾಗೆಯೇ ಸಂಸ್ಕೃತದಿಂದ ಹೊರಟು ಕನ್ನಡಕ್ಕೆ ಬಂದು ನಿಲ್ಲಬೇಕು. ನನ್ನ ಸೂಚನೆ ‘ಮಡಿ’. ಕಾಳಗದಲ್ಲಿ ಬೀಳುವುದೂ ಮಡಿ, ಶುದ್ಧವೂ ಮಡಿ. ಎರಡಕ್ಕೂ ‘ಮಡಿಸು, ಬಾಗು’ ಎಂಬುದೇ ಬೇರು ಎಂದು ನನ್ನ ಊಹೆ: ಒಗೆದು ಮಡಿಸಿಟ್ಟ ಬಟ್ಟೆ ಮಡಿ, ಬಾಗಿ ನೆಲಕ್ಕೆ ಬಿದ್ದವನು ಮಡಿದವನು. ‘ಇಲ್ಲಿ ಮಡಿದವರೇ ಈ ನೆಲವನ್ನು ಮಡಿ ಮಾಡಿದ್ದಾರೆ’ ಎಂದು ಬರೆಯಿರಿ. ಇಂಗ್ಲಿಷಿನಲ್ಲೂ ಇಲ್ಲದ ಶಕ್ತಿ ಬರುತ್ತದೆ.

ಮೈಸೂರಿನಿಂದ:

ಅವು ಬೇರೆ ಬೇರೆ ಪದಗಳು. ಉಚ್ಚಾರ ಒಂದಾದ ಮಾತ್ರಕ್ಕೆ ಬೇರು ಒಂದಾಗುವುದಿಲ್ಲ. ಸೊಪ್ಪಿನ ಮಡಿಯನ್ನೂ ನೂರ್ಮಡಿಯನ್ನೂ ಇದಕ್ಕೇ ಸೇರಿಸುತ್ತೀರೇನು?

ಕೋಲಾರದಿಂದ:

ಬೇರಿನ ಮಾತು ಆಮೇಲೆ ಆಡಿಕೊಳ್ಳಿ. ಮನುಷ್ಯರೆಲ್ಲ ಸಮಾನರಾಗಿ ಹುಟ್ಟಿದವರು ಎಂದು ಮೊದಲ ವಾಕ್ಯದಲ್ಲೇ ಹೇಳುವ ಭಾಷಣ ಇದು. ಗುಲಾಮರ ಬಿಡುಗಡೆಯ ಘೋಷಣೆಗೆ ಅದೇ ವರ್ಷ ಜನವರಿ 1ರಂದು ಸಹಿ ಹಾಕಿದವರ ಭಾಷಣ. ಅದಕ್ಕೆ ‘ಮಡಿ’ ತರುತ್ತೀರಾ? ನಮ್ಮ ಮನೆಯವರ ಕಿವಿಗೆ ಮಡಿ ಎಂದರೆ ‘ದೂರ ನಿಲ್ಲು’ ಎಂದೇ ಅರ್ಥ. ಗೌರವದಿಂದಲೇ ಹೇಳುತ್ತಿದ್ದೇನೆ, ಆ ಹಾಳೆಯಲ್ಲಿ ಈ ಪದ ಇರಕೂಡದು.

ಧಾರವಾಡದಿಂದ:

ಬಳಸಿದವರು ಕೆಡಿಸಿದರೆಂದು ಪದವನ್ನೇ ಬಿಡಬೇಕೆ?

ಕೋಲಾರದಿಂದ:

ಇಲ್ಲಿ ಬಿಡಬೇಕು. ಓದುವವರಿಗೆ ಕೇಳಿಸುವುದು ಬಳಕೆ, ನಿಘಂಟಲ್ಲ.

ಶಿವಮೊಗ್ಗದಿಂದ:

ಕೋಲಾರದವರ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ಆದರೆ ಎಲ್ಲರೂ ಮೂರನೆಯ ಪದದ ಮೇಲೆ ಕೂತಿದ್ದೀರಿ, ತೊಡಕಿರುವುದು ಮೊದಲನೆಯದರಲ್ಲಿ. ‘ಡೆಡಿಕೇಟ್’ ಅಷ್ಟು ಚಿಕ್ಕ ಭಾಷಣದಲ್ಲಿ ಆರು ಸಲ ಬರುತ್ತದೆ. ಸಮಾನತೆಯ ತತ್ತ್ವಕ್ಕೆ ದೇಶ ಡೆಡಿಕೇಟ್ ಆಗಿದೆ. ಅಂಥ ದೇಶ ಬಾಳೀತೇ ಎಂಬುದು ಯುದ್ಧದ ಪರೀಕ್ಷೆ. ನೆಲದ ಒಂದು ತುಂಡನ್ನು ಡೆಡಿಕೇಟ್ ಮಾಡಲು ಬಂದಿದ್ದೇವೆ. ಆದರೆ ಮಾಡಲಾರೆವು, ಏಕೆಂದರೆ ಹೋರಾಡಿದವರು ಆ ಕೆಲಸ ಮುಗಿಸಿಬಿಟ್ಟಿದ್ದಾರೆ. ಹಾಗಾಗಿ ಡೆಡಿಕೇಟ್ ಆಗಬೇಕಾದವರು ಬದುಕಿರುವ ನಾವು. ಹೀಗೆ ದೇಶದಿಂದ ನೆಲಕ್ಕೆ, ನೆಲದಿಂದ ಕೇಳುತ್ತ ನಿಂತವರ ಮೇಲೆ ಅದೇ ಪದ ತಿರುಗಿಬೀಳುತ್ತದೆ. ಭಾಷಣದ ಬೆನ್ನೆಲುಬೇ ಇದು. ನೀವು ಒಂದು ಕಡೆ ಅರ್ಪಣೆ, ಇನ್ನೊಂದು ಕಡೆ ಬದ್ಧತೆ, ಮತ್ತೊಂದು ಕಡೆ ಪಣ ಎಂದು ಹಾಕಿದರೆ ಅದು ಮುರಿಯುತ್ತದೆ. ‘ಲೋಕಾರ್ಪಣೆ’ಯಂತೂ ಮನುಷ್ಯರಿಗೆ ಹೊಂದುವುದೇ ಇಲ್ಲ.

ಆರು ಕಡೆಯೂ ನಿಲ್ಲುವ ಕನ್ನಡ ಪದ ‘ಮುಡಿಪು’. ಹರಕೆ ಹೊತ್ತು, ಅರಿಸಿನದ ಬಟ್ಟೆಯಲ್ಲಿ ಕಾಸು ಕಟ್ಟಿ, ದೇವರ ಗೂಡಿನಲ್ಲಿ ಇಡುತ್ತೇವಲ್ಲ, ಅದು. ಮನೆಯಲ್ಲಿ ಎಷ್ಟೇ ಕಷ್ಟ ಬಂದರೂ ಆ ಗಂಟಿಗೆ ಕೈ ಹಾಕುವಂತಿಲ್ಲ. ತತ್ತ್ವಕ್ಕೆ ಮುಡಿಪಾದ ದೇಶ, ಮುಡಿಪಾಗಿಟ್ಟ ನೆಲ, ಉಳಿದ ಕೆಲಸಕ್ಕೆ ಮುಡಿಪಾಗಬೇಕಾದ ನಾವು: ಮೂರೂ ಸಹಜ ಕನ್ನಡ. ‘ಮೀಸಲು’ ಕೂಡ ಒಳ್ಳೆಯ ಪದವೇ. ಸಮಾರಂಭದ ಹೊಣೆ ಹೊತ್ತ ವಕೀಲ ಡೇವಿಡ್ ವಿಲ್ಸ್ ಲಿಂಕನ್ನರಿಗೆ ಬರೆದ ಆಹ್ವಾನದಲ್ಲಿ ಈ ನೆಲವನ್ನು ವಿಧಿವತ್ತಾಗಿ ಬೇರೆ ತೆಗೆದಿಡಬೇಕು ಎಂದೇ ಕೇಳಿದ್ದು. ಆದರೆ ಇವತ್ತು ಮೀಸಲು ಎಂದೊಡನೆ ನೆನಪಾಗುವುದು ಬೇರೆ.

ನಮ್ಮ ಕಡೆಯ ವೀರಗಲ್ಲುಗಳನ್ನೂ ನೋಡಿ. ಕೆಳಪಟ್ಟಿಯಲ್ಲಿ ಕಾಳಗ, ನಡುವೆ ಸುರಾಂಗನೆಯರು ಎತ್ತಿಕೊಂಡು ಹೋಗುವುದು, ಮೇಲೆ ಶಿವನ ಸನ್ನಿಧಿ. ಬದುಕಿದವರ ಪಾಲಿಗೆ ಉಳಿದದ್ದು ಕಲ್ಲು ನಿಲ್ಲಿಸುವುದು, ಸತ್ತವನ ಮನೆಗೆ ನೆತ್ತರುಗೊಡಗೆಯ ಭೂಮಿ ಬಿಡುವುದು, ಅಷ್ಟೇ. ಕೊಡುವವನು ಸತ್ತವನು ಎಂಬ ಭಾವ ನಮಗೆ ಹೊಸದಲ್ಲ. ಅಂದು ಲಿಂಕನ್ನರಿಗಿಂತ ಮೊದಲು ಎರಡು ಗಂಟೆ ಮಾತಾಡಿದ ಎಡ್ವರ್ಡ್ ಎವರೆಟ್ ಪ್ರಾಚೀನ ಅಥೆನ್ಸಿನವರು ತಮ್ಮ ಸೈನಿಕರನ್ನು ಮಣ್ಣು ಮಾಡುತ್ತಿದ್ದ ಬಗೆಯಿಂದಲೇ ಶುರು ಮಾಡಿದ್ದರು. ಮರುದಿನ ಅವರೇ ಲಿಂಕನ್ನರಿಗೆ ಬರೆದರು: ನೀವು ಎರಡು ನಿಮಿಷದಲ್ಲಿ ಮುಟ್ಟಿದ ತಿರುಳಿನ ಹತ್ತಿರಕ್ಕೆ ನಾನು ಎರಡು ಗಂಟೆಯಲ್ಲಿ ಬಂದಿದ್ದೇನೆಂದು ಅಂದುಕೊಳ್ಳಲಾದರೆ ಸಂತೋಷ ಎಂದು. ಆ ತಿರುಳು ಇರುವುದು ಈ ಪದದ ತಿರುವಿನಲ್ಲಿ.

ಇನ್ನೊಂದು. ‘ಹುತಾತ್ಮ’ ಹಾಕಬೇಡಿ. ಅಲ್ಲಿ ಹೂತದ್ದು ಒಕ್ಕೂಟದ, ಅಂದರೆ ಲಿಂಕನ್ನರ ಸರ್ಕಾರದ, ಕಡೆಯ ಸೈನಿಕರನ್ನು, ಸಮಾರಂಭದ ದಿನ ಹೂಳುವ ಕೆಲಸ ಇನ್ನೂ ಮುಗಿದಿರಲಿಲ್ಲ. ಆದರೂ ಲಿಂಕನ್ ‘ಇಲ್ಲಿ ಹೋರಾಡಿದ ಧೀರರು’ ಎಂದರೇ ಹೊರತು ಯಾವ ಕಡೆಯವರು ಎನ್ನಲಿಲ್ಲ. ‘ಮಡಿದವರು’ ಸಾಕು.

ಮಂಗಳೂರಿನಿಂದ:

ಕೊನೆಯ ಸಾಲನ್ನೂ ನೋಡಿಕೊಳ್ಳಿ. ‘ಪ್ರಜೆಗಳಿಂದ, ಪ್ರಜೆಗಳಿಗಾಗಿ, ಪ್ರಜೆಗಳಿಗೋಸ್ಕರ’ ಎಂದು ಎಷ್ಟೋ ಕಡೆ ಬರೆಯುತ್ತಾರೆ. ಗಾಗಿ, ಗೋಸ್ಕರ ಎರಡೂ ಒಂದೇ, ಸರ್ಕಾರ ಯಾರದು ಎಂಬ ಮಾತೇ ಬಿಟ್ಟುಹೋಗಿದೆ. ‘ಜನರದೇ ಆದ, ಜನರೇ ನಡೆಸುವ, ಜನರಿಗಾಗಿ ಇರುವ ಸರ್ಕಾರ’ ಎನ್ನಿ. ಪ್ರಜೆ ಎಂದರೆ ರಾಜನ ಕೈಕೆಳಗಿನವನು. ರಾಜನನ್ನು ಬಿಟ್ಟು ಬಂದ ದೇಶಕ್ಕೆ ಆ ಪದ ಸಲ್ಲದು.

ಮೈಸೂರಿನಿಂದ:

ಗಾಗಿ-ಗೋಸ್ಕರ ಸರಿ. ಪ್ರಜೆಯ ಮಾತು ಒಪ್ಪುವುದಿಲ್ಲ. ನಮ್ಮಲ್ಲಿ 1881ರಲ್ಲೇ ಪ್ರಜಾಪ್ರತಿನಿಧಿ ಸಭೆ ಇತ್ತು. ಪ್ರಜಾಪ್ರಭುತ್ವ ಎಂದು ದಿನವೂ ಬರೆಯುತ್ತೇವೆ. ಪದ ತನ್ನ ಅರ್ಥವನ್ನು ದಾಟಿ ಬೆಳೆದಿದೆ.

ಧಾರವಾಡದಿಂದ:

ಮಡಿಗೆ ಬಳಕೆಯೇ ಮುಖ್ಯ ಎಂದವರು ಯಾರೂ ಇದಕ್ಕೆ ಉತ್ತರಿಸಿಲ್ಲ. ಇರಲಿ. ಪ್ರಜೆಯೂ ಸಂಸ್ಕೃತ, ಜನವೂ ಸಂಸ್ಕೃತ. ‘ಮಂದಿ’ ಎನ್ನಲು ಏನು ಸಂಕೋಚ?

ಮೈಸೂರಿನಿಂದ:

ಸಂಕೋಚವಲ್ಲ, ಕಿವಿ. ಈ ಕಡೆ ಮಂದಿ ಎಂದರೆ ಗುಂಪು ಸೇರಿದವರು. ಸಾವಿರ ವರ್ಷದಿಂದ ನಾಲಗೆಯ ಮೇಲಿರುವ ‘ಜನ’ವನ್ನು ಹೊರಗಿನದು ಎನ್ನುವುದಾದರೆ ಲಿಂಕನ್ನರ ‘ಡೆಡಿಕೇಟ್’ ಅನ್ನೂ ಇಂಗ್ಲಿಷಿನಿಂದ ಹೊರಗೆ ಹಾಕಬೇಕು.

ಹ್ಯಾರಿಸ್‌ಬರ್ಗ್‌ನಿಂದ:

ಎಲ್ಲರಿಗೂ ವಂದನೆ. ಆರು ಕಡೆಯೂ ‘ಮುಡಿಪು’ ಹಾಕಿ ಅಮ್ಮನಿಗೆ ಓದಿ ಹೇಳಿದೆ. ಎಲ್ಲೂ ತಡೆದು ಕೇಳಲಿಲ್ಲ. ಅಚ್ಚಿಗೆ ಕೊಡುತ್ತಿರುವುದು ಇದು:

‘ಆದರೆ ಇನ್ನೂ ದೊಡ್ಡ ಅರ್ಥದಲ್ಲಿ ಈ ನೆಲವನ್ನು ನಾವು ಮುಡಿಪಾಗಿಡಲಾರೆವು, ಪವಿತ್ರಗೊಳಿಸಲಾರೆವು, ಪುಣ್ಯಭೂಮಿ ಮಾಡಲಾರೆವು. ಇಲ್ಲಿ ಹೋರಾಡಿದ ಧೀರರು, ಬದುಕಿರುವವರೂ ಮಡಿದವರೂ, ಅದನ್ನು ಆಗಲೇ ಪವಿತ್ರಗೊಳಿಸಿದ್ದಾರೆ. ಅದಕ್ಕೆ ಕೂಡಿಸುವ, ಅದರಿಂದ ಕಳೆಯುವ ಶಕ್ತಿ ನಮಗಿಲ್ಲ.’

ಕೊನೆಯ ಸಾಲಿಗೆ ‘ಜನ’ವನ್ನೇ ಇಟ್ಟುಕೊಂಡಿದ್ದೇನೆ.

ಧಾರವಾಡದಿಂದ:

ಮುಡಿಪಿಗೆ ನನ್ನ ಮೆಚ್ಚುಗೆ. ಆದರೆ ಮೂರನೆಯದು ಮತ್ತೆ ಸಂಸ್ಕೃತಕ್ಕೇ ಹೋಯಿತು. ‘ಪುಣ್ಯಭೂಮಿ’ಗೆ ನನ್ನ ವಿರೋಧ ದಾಖಲಾಗಲಿ. ‘ಮಂದಿ’ಯ ವಿಷಯಕ್ಕೆ ಬೇರೆ ಎಳೆ ತೆರೆಯುತ್ತೇನೆ, ಮೈಸೂರಿನವರು ಅಲ್ಲಿ ಉತ್ತರಿಸಲಿ.