ಅಪ್‌ಡೇಟ್: ಸೈಕಲ್‌ನ 8 ಸ್ಪೀಡ್ (ಹಿಂದೆ 8 ಗೇರ್) ಚೈನ್‌ಗೆ ಯಾವ ಚೈನ್ ಕಟರ್?

ಮಲ್ಟಿಟೂಲ್‌ನಲ್ಲಿರುವ ಪುಟ್ಟ ಚೈನ್ ಕಟರ್ (ಕೊಂಡಿಗಳನ್ನು ಹಿಡಿದಿರುವ ರಿವೆಟ್ ಅನ್ನೋ ಕಡ್ಡಿಯನ್ನು ಪಿನ್ನಿಂದ ಹೊರತಳ್ಳುವ ಸಾಧನ) ಸಾಕೇ, ಬೇರೆ ಕೊಳ್ಳಬೇಕೇ ಅಂತ ಕೇಳಿದ್ದೆ. ಬೇರೆಯದೇ ತಗೊಂಡೆ: ಉದ್ದ ಹಿಡಿ, ಬಿಚ್ಚಿ ಬದಲಿಸಬಹುದಾದ ಪಿನ್. ತುದಿ ಮುರಿದರೆ ಪಿನ್ ಒಂದನ್ನೇ ಹಾಕಿದರಾಯ್ತು. ಪುಟ್ಟದು ದಾರಿಯಲ್ಲಿ ಆಪತ್ತಿಗಷ್ಟೇ.

ಮೊದಲ ಸಲ ಪಿನ್ ಓರೆಯಾಗಿ ಹೋಗಿ ಚೈನಿನ ಪಕ್ಕದ ಪ್ಲೇಟ್ ಗೀಚಿತು. ಚೈನು ಕಟರಿನ ಹಲ್ಲುಗಳ ಮೇಲೆ ಪೂರ್ತಿ ಕೂತಿರಲಿಲ್ಲ, ಅಷ್ಟೇ. ಹಿಡಿಯಿಂದ ದೂರದ, ಹಿಂದೆ ಆಸರೆ ಇರುವ ಸಾಲಿನಲ್ಲಿ ಕೂರಿಸಿ, ಮೆಲ್ಲಗೆ ತಿರುಗಿಸಿ, ಪಿನ್ನಿನ ತುದಿ ರಿವೆಟ್‌ನ ನಟ್ಟನಡುವೆ ತಾಗಿದ್ದು ಕಂಡ ಮೇಲೇ ಬಲ ಹಾಕಬೇಕು. ಶುರುವಿಗೆ ತುಂಬಾ ಬಿಗಿ. "ಟಕ್" ಅಂದ ಮೇಲೆ ಸಲೀಸು.

ಹಳೇ ರಿವೆಟ್ ಮತ್ತೆ ಒತ್ತಲಿಲ್ಲ. ಒಮ್ಮೆ ಹೊರಬರುವಾಗಲೇ ಅದು ಪ್ಲೇಟಿನ ತೂತನ್ನು ಸಡಿಲ ಮಾಡಿರುತ್ತದೆ, ಏರಿನಲ್ಲಿ ಕಳಚಬಹುದು. 8 ಸ್ಪೀಡ್‌ನ ಕ್ವಿಕ್ ಲಿಂಕ್ (ರಿವೆಟ್ ಒತ್ತದೆ ಎರಡು ತುದಿ ಸೇರಿಸುವ ಕೊಂಡಿ) ಹಾಕಿದೆ. ಅದಕ್ಕೆ ಚೈನಿನ ಎರಡೂ ತುದಿಯಲ್ಲಿ ಒಳಪ್ಲೇಟೇ (ಅಗಲ ಕಡಿಮೆಯಿರುವ ಕೊಂಡಿಯದು) ಇರಬೇಕು. ಕತ್ತರಿಸುವ ಮುಂಚೆ ಇದನ್ನು ನೋಡಿಕೊಳ್ಳದಿದ್ದರೆ ಒಂದು ಕೊಂಡಿ ದಂಡ. ಲಿಂಕನ್ನು ಚೈನಿನ ಮೇಲ್ಭಾಗಕ್ಕೆ ತಂದು, ಹಿಂದಿನ ಬ್ರೇಕ್ ಹಿಡಿದು ಪೆಡಲ್ ಒತ್ತಿದರೆ ಗಟ್ಟಿಯಾಗಿ ಕೂರುತ್ತದೆ.

ಮಿಕ್ಕ ಎರಡು ಕೊಂಡಿ ಸೀಟಿನ ಬ್ಯಾಗಿಗೆ ಹೋಯಿತು.