ಸಹಾಯ ಬೇಕು: ‘ಹೆವನ್’ ಅನ್ನು ಸ್ವರ್ಗ ಎನ್ನಬಹುದೇ?

ದೆವ್ವಕ್ಕೆ ಆತ್ಮ ಮಾರಿಕೊಂಡ ಪಂಡಿತನ ಕತೆಯಾದ, ಇಂಗ್ಲಿಷ್ ನಾಟಕಕಾರ ಮಾರ್ಲೋನ ‘ಡಾಕ್ಟರ್ ಫಾಸ್ಟಸ್’ ನಾಟಕದ ನನ್ನ ಅನುವಾದ ‘ಹೆವನ್’ ಎಂಬ ಒಂದೇ ಪದದ ಬಳಿ ನಿಂತಿದೆ. ಬಲ್ಲವರು ದಯವಿಟ್ಟು ನೆರವಾಗಿ.

‘ಸ್ವರ್ಗ’ ಎಂದರೆ ನಮ್ಮವರ ಕಣ್ಣಮುಂದೆ ಇಂದ್ರ, ರಂಭೆ, ನಂದನವನ. ಪುಣ್ಯ ತೀರಿದ ಮೇಲೆ ಅಲ್ಲಿಂದ ಮರಳಲೇಬೇಕು. ನಾಟಕದ ದೆವ್ವ ಮೆಫಿಸ್ಟೊಫಿಲಿಸನ ಸಂಕಟವೇ ಬೇರೆ: ದೇವರ ಮುಖ ಕಂಡಿದ್ದವನಿಗೆ ಆ ದರ್ಶನ ಎಂದೆಂದಿಗೂ ತಪ್ಪಿಹೋದದ್ದೇ ನರಕ. ‘ಸ್ವರ್ಗ’ ಎಂದು ಹಾಕಿದರೆ ಆ ಮಾತಿನ ಕಸುವೇ ಹೋಗುತ್ತದೆ. ಕನ್ನಡ ಬೈಬಲ್ಲಿನ ‘ಪರಲೋಕ’ ಅರ್ಥಕ್ಕೆ ಹತ್ತಿರ, ಆದರೆ ಆಡುಮಾತಿನಲ್ಲಿ ಕೇಳಿದವರಿಗೆ ಮೊದಲು ನೆನಪಾಗುವುದು ಸಾವು. ‘ದೇವಸನ್ನಿಧಿ’ ಹೇಗೆ? ಆದರೆ ಕೊನೆಯ ಗಳಿಗೆಯಲ್ಲಿ ಫಾಸ್ಟಸ್ ತಿರುಗುವ ಆಕಾಶಗೋಳಗಳಿಗೆ ನಿಲ್ಲಿರೆಂದು ಗೋಗರೆಯುವಾಗ ‘ಹೆವನ್’ ಎಂದರೆ ಬರೀ ಆಕಾಶ.

ಇನ್ನೊಂದು ತೊಡಕು ರಂಗಸೂಚನೆಯದು. ನಾಟಕದ 1616ರ ಮುದ್ರಿತ ಪಾಠದಲ್ಲಿ ಸಂಗೀತದೊಂದಿಗೆ ಸಿಂಹಾಸನ ಕೆಳಗಿಳಿಯುತ್ತದೆ. 1604ರ ಪಾಠದಲ್ಲಿ ಇದಿಲ್ಲ. ಆ ಕಾಲದ ಲಂಡನ್ ರಂಗಮಂದಿರಗಳಲ್ಲಿ ವೇದಿಕೆಯ ಮೇಲ್ಚಾವಣಿಗೂ ‘ಹೆವನ್ಸ್’ ಎಂದೇ ಹೆಸರು. ರೋಸ್ ರಂಗಮಂದಿರದ ‘ಹೆವನ್ಸ್’ನಲ್ಲಿ ಸಿಂಹಾಸನ ಮಾಡಿಸಿದ ಖರ್ಚು ಅದರ ಮಾಲೀಕ ಹೆನ್ಸ್ಲೋನ 1595ರ ಲೆಕ್ಕದಲ್ಲೇ ಇದೆ. ಈ ಶ್ಲೇಷೆ ಉಳಿಯಬೇಕೆಂದು ನನ್ನ ಆಸೆ.

ಎಲ್ಲ ಕಡೆ ಒಂದೇ ಪದವೋ, ಸಂದರ್ಭಕ್ಕೊಂದೋ? ನಟರ ನಾಲಿಗೆಗೆ ಒಗ್ಗುವ ಪದವಿದ್ದರೆ ಒಂದು ಸಾಲಿನಲ್ಲಿ ಬಳಸಿ ತೋರಿಸಿ.